ಪೊಟ್ಟಣ ಕುಗ್ಗಿತು, ಪಟ್ಟಿ ಬೆಳೆಯಿತು
ವಿಜಯವಾಡ, ವಿಶಾಖಪಟ್ಟಣದ ಅಡುಗೆಮನೆಗಳಿಂದ ಒಂದು ಲೆಕ್ಕ

ಕಳೆದ ಮಾಘ ಮಾಸದಲ್ಲಿ ವಿಜಯವಾಡದಲ್ಲಿ ಒಂದು ಮದುವೆ ಒಪ್ಪಿಕೊಂಡಿದ್ದೆವು. ಮೂರು ದಿನದ ಕೆಲಸ. ತಿಂಡಿ, ಊಟ, ರಾತ್ರಿಯ ಫಲಾಹಾರ ಎಲ್ಲ ಸೇರಿ ಸುಮಾರು 3,500 ಎಲೆ. ಸಾಮಾನು ಪಟ್ಟಿಯಲ್ಲಿ ಎಣ್ಣೆಗೆ ‘10 ಡಬ್ಬ’ ಎಂದು ಬರೆದಿದ್ದೆವು. ಎಷ್ಟೋ ವರ್ಷಗಳಿಂದ ಹಾಗೆಯೇ ಬರೆಯುತ್ತ ಬಂದವರು ನಾವು. ಎಲೆ ಒಂದಕ್ಕೆ 40 ಗ್ರಾಂ ಮೇಲೆ ಸ್ವಲ್ಪ ಹಿಡಿದರೆ ಲೆಕ್ಕ ತಪ್ಪುವುದಿಲ್ಲ.

ಎರಡನೆಯ ದಿನ ರಾತ್ರಿ ಒಂಬತ್ತೂವರೆಗೆ ಭಟ್ಟರು ಉಗ್ರಾಣದಿಂದ ಹೊರಗೆ ಬಂದು, “ಎಣ್ಣಿ ಸಾಕಾತಿಲ್ಲೆ ಮಾರಾಯ್ರೆ” ಎಂದರು. ಮರುದಿನ ಬೆಳಿಗ್ಗೆ ಪೂರಿ, ಮಧ್ಯಾಹ್ನ ವಡೆ, ಹಪ್ಪಳ, ಬೂರೆಲು ಎಲ್ಲವೂ ಬಾಣಲೆಯ ಕೆಲಸ. ಮೊದಲು ನಮಗೆ ಬಂದ ಅನುಮಾನ ಹುಡುಗರ ಮೇಲೆ. ಯಾರಾದರೂ ಒಂದು ಡಬ್ಬ ಸಾಗಿಸಿದರೋ ಎಂದು ಎಣಿಸಿದೆವು. ಹತ್ತಕ್ಕೆ ಹತ್ತು ಡಬ್ಬವೂ ಇದ್ದವು. ಹೋಲ್‌ಸೇಲ್ ಅಂಗಡಿ ಮುಚ್ಚಿಯಾಗಿತ್ತು. ಪಟಮಟದ ಕಡೆ ಹೋಗಿ, ತೆರೆದಿದ್ದ ಚಿಲ್ಲರೆ ಅಂಗಡಿಗಳಿಂದ ಪೌಚುಗಳನ್ನು ಎಂ.ಆರ್.ಪಿ. ದರಕ್ಕೆ ಕೊಂಡು ತಂದು ಮರ್ಯಾದೆ ಉಳಿಸಿಕೊಂಡೆವು.

ಮದುವೆ ಮುಗಿದ ಮೇಲೆ ಖಾಲಿ ಡಬ್ಬವನ್ನು ಬೆಳಕಿಗೆ ಹಿಡಿದು ಓದಿದಾಗ ಗುಟ್ಟು ತಿಳಿಯಿತು. ನಾವು ಬರೆಯುತ್ತಿದ್ದ ಡಬ್ಬ 15 ಕಿಲೋ ತೂಕದ್ದು. ಬಂದದ್ದು 15 ಲೀಟರ್ ಡಬ್ಬ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮಂದಿರಂತೆ ಕಾಣುತ್ತವೆ.

ಡಬ್ಬದ ಲೆಕ್ಕ

ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಆ ಪ್ರಕಾರ 15 ಲೀಟರ್ ಎಂದರೆ 13.65 ಕಿಲೋ. ಒಂದು ಡಬ್ಬದಲ್ಲಿ 1.35 ಕಿಲೋ ಕಡಿಮೆ, ಹತ್ತು ಡಬ್ಬದಲ್ಲಿ 13.5 ಕಿಲೋ ಕಡಿಮೆ. ಅಂದರೆ ಹತ್ತು ಡಬ್ಬಕ್ಕೆ ಹೆಚ್ಚುಕಡಿಮೆ ಒಂದು ಡಬ್ಬವೇ ಮಾಯ.

ಈಗ ಹಣದ ಲೆಕ್ಕ ನೋಡಿ. 15 ಕಿಲೋ ಡಬ್ಬ 2,250 ರೂಪಾಯಿ ಎಂದಿಟ್ಟುಕೊಳ್ಳಿ, ಕಿಲೋಗೆ 150 ಬಿತ್ತು. ಪಕ್ಕದ ಅಂಗಡಿಯವನು 2,175ಕ್ಕೆ ಕೊಡುತ್ತೇನೆ ಎನ್ನುತ್ತಾನೆ. ಡಬ್ಬಕ್ಕೆ 75 ರೂಪಾಯಿ ಉಳಿಯಿತು ಎಂದು ನಾವು ಖುಷಿಪಡುತ್ತೇವೆ. ಅದು 15 ಲೀಟರ್ ಡಬ್ಬವಾದರೆ ಕಿಲೋಗೆ ಬಿದ್ದದ್ದು 159 ರೂಪಾಯಿಗೂ ಮೇಲೆ. ಹತ್ತು ಡಬ್ಬದಲ್ಲಿ ಉಳಿಸಿದ್ದು 750, ಕಳೆದುಕೊಂಡದ್ದು 2,025 ರೂಪಾಯಿಯ ಎಣ್ಣೆ. ನಮಗೆ ಆದದ್ದೂ ಇದೇ. ಅಂಗಡಿಯವನ ಮೇಲೆ ಜಗಳಕ್ಕೆ ಹೋಗುವಂತೆಯೂ ಇರಲಿಲ್ಲ. ಡಬ್ಬದ ಮೇಲೆ ಲೀಟರೂ ತೂಕವೂ ಸರಿಯಾಗಿಯೇ ಅಚ್ಚಾಗಿದ್ದವು. ಓದದೆ ಇಳಿಸಿಕೊಂಡವರು ನಾವು.

ಎಣ್ಣೆಯ ಅಳತೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯೇ ಹೇಳಿದಂತೆ, ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿ ಉಷ್ಣತೆಯಲ್ಲಿ 919.1 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ ತೂಗುತ್ತದೆ. ಕೆಲವು ಕಂಪನಿಗಳು ಹೆಚ್ಚಿನ ಉಷ್ಣತೆಯನ್ನು ನಮೂದಿಸಿ ಲೀಟರ್ ಲೆಕ್ಕ ಕೊಡುತ್ತಿದ್ದವು. ಆದ್ದರಿಂದ 2022ರ ಆಗಸ್ಟ್‌ನಲ್ಲಿ ಇಲಾಖೆ, ಉಷ್ಣತೆಯ ನಮೂದು ಬಿಟ್ಟು ಲೀಟರ್ ಜೊತೆಗೆ ತೂಕವನ್ನೂ ಸರಿಯಾಗಿ ಅಚ್ಚುಹಾಕಬೇಕೆಂದು ಸೂಚಿಸಿ, 2023ರ ಜನವರಿ 15ರವರೆಗೆ ಗಡುವು ಕೊಟ್ಟಿತು. ನಮಗೆ ಪಾಠ ಇಷ್ಟೇ: ಎಣ್ಣೆಯನ್ನು ಲೀಟರಿನಲ್ಲಿ ಕೇಳಬೇಡಿ, ಡಬ್ಬದಲ್ಲಿಯೂ ಕೇಳಬೇಡಿ, ಕಿಲೋದಲ್ಲಿ ಕೇಳಿ.

ಪೊಟ್ಟಣಕ್ಕೆ ಇದ್ದ ಬೇಲಿ ಹೋದದ್ದು

ಬೆಲೆ ಏರಿದರೆ ಕಣ್ಣಿಗೆ ಕಾಣುತ್ತದೆ. ತೂಕ ಇಳಿದರೆ ಕೈಗೂ ತಿಳಿಯುವುದಿಲ್ಲ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಹುಡುಗರು ಚಹಾದ ಜೊತೆ ತಿನ್ನುವ ಪಾರ್ಲೆ-ಜಿ ಬಿಸ್ಕತ್ತನ್ನೇ ನೋಡಿ. ಸಣ್ಣ ಪೊಟ್ಟಣ ಎಷ್ಟೋ ವರ್ಷ 4 ರೂಪಾಯಿಯಲ್ಲೇ ನಿಂತಿತ್ತು, ಆಮೇಲೆ 5 ಆಯಿತು. ಅಷ್ಟರಲ್ಲಿ 100 ಗ್ರಾಂ ಇದ್ದ ತೂಕ 55 ಗ್ರಾಂ ಆಸುಪಾಸಿಗೆ ಇಳಿದಿತ್ತು. ಬೆಲೆ ಏರಿದ್ದು ಒಂದೇ ರೂಪಾಯಿ ಎಂದು ಕಂಡರೂ, ನೂರು ಗ್ರಾಂ ಲೆಕ್ಕ ಹಿಡಿದರೆ ಎರಡು ಪಟ್ಟು ದಾಟಿದೆ.

ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಟಾಬ್ಲರೋನ್ ಚಾಕಲೇಟಿನ ಹಲ್ಲುಗಳ ನಡುವಿನ ಸಂದು ದೊಡ್ಡದಾಗಿ, 400 ಗ್ರಾಂ ಇದ್ದದ್ದು 360 ಗ್ರಾಂ ಆದಾಗ ದೊಡ್ಡ ಗಲಾಟೆಯಾಯಿತು. 2012ರಿಂದ 2017ರ ನಡುವೆ 2,529 ವಸ್ತುಗಳ ಗಾತ್ರ ಕುಗ್ಗಿದೆ ಎಂದು ಅಲ್ಲಿನ ಸರ್ಕಾರಿ ಅಂಕಿಅಂಶ ಕಚೇರಿ ಲೆಕ್ಕ ಕೊಟ್ಟಿತು. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, ತೂಕ ಇಳಿದ ವಸ್ತುವಿನ ಪಕ್ಕದಲ್ಲಿ ದೊಡ್ಡ ಅಂಗಡಿಗಳು ಎರಡು ತಿಂಗಳು ಸೂಚನಾ ಫಲಕ ಹಾಕಬೇಕೆಂಬ ನಿಯಮ ಬಂದಿದೆ.

ನಮ್ಮಲ್ಲಿ ಮೊದಲು ಒಂದು ಬೇಲಿ ಇತ್ತು. 1977ರ ಪೊಟ್ಟಣ ವಸ್ತುಗಳ ನಿಯಮದಲ್ಲಿ, ಆಮೇಲೆ 2011ರ ನಿಯಮದಲ್ಲಿಯೂ, ಬೇಳೆ, ರವೆ, ಉಪ್ಪು, ಚಹಾ, ಕಾಫಿ, ಬಿಸ್ಕತ್ತು, ಬೆಣ್ಣೆ, ಖಾದ್ಯ ಎಣ್ಣೆ ಮೊದಲಾದವನ್ನು ಇಂತಿಂಥ ತೂಕದಲ್ಲೇ ಕಟ್ಟಬೇಕೆಂಬ ಪಟ್ಟಿ ಇತ್ತು. ಬೇರೆ ತೂಕಕ್ಕೆ ಕಟ್ಟಿದರೆ ‘ಇದು ಪ್ರಮಾಣಿತ ಅಳತೆಯಲ್ಲ’ ಎಂದು ಎದ್ದು ಕಾಣುವಂತೆ ಬರೆಯಬೇಕಿತ್ತು. 2021ರ ನವೆಂಬರ್‌ನಲ್ಲಿ ಬಂದ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಬದಲಿಗೆ ಪೊಟ್ಟಣದ ಮೇಲೆ ‘ಯೂನಿಟ್ ದರ’ ಅಚ್ಚುಹಾಕಬೇಕೆಂದು ಮಾಡಿತು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಎಷ್ಟು, ಹೆಚ್ಚಿದ್ದರೆ ಕಿಲೋಗೆ ಎಷ್ಟು ಎಂಬ ಲೆಕ್ಕ. ಜಾರಿಯ ದಿನ ಕೆಲವು ಸಲ ಮುಂದಕ್ಕೆ ಹೋಗಿ ಈಗ ನಿಯಮ ಚಾಲ್ತಿಯಲ್ಲಿದೆ.

ಪಟ್ಟಿ ಹೋದ ಮೇಲೆ ಅಂಗಡಿಯ ಕಪಾಟಿನಲ್ಲಿ ಒಂದು ಲೀಟರಿನಂತೆಯೇ ಕಾಣುವ 850 ಗ್ರಾಂ, 800 ಗ್ರಾಂ ಎಣ್ಣೆ ಪೌಚುಗಳು ಬಂದು ಕೂತವು. ಉದಾಹರಣೆಗೆ, 910 ಗ್ರಾಂ ಪೌಚಿಗೆ 150 ರೂಪಾಯಿ, 800 ಗ್ರಾಂ ಪೌಚಿಗೆ 138 ರೂಪಾಯಿ ಎನ್ನೋಣ. ಎರಡನೆಯದು 12 ರೂಪಾಯಿ ಅಗ್ಗವೆಂದು ಕೈ ಅದಕ್ಕೇ ಹೋಗುತ್ತದೆ. ಕಿಲೋಗೆ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 165, ಎರಡನೆಯದು 172 ರೂಪಾಯಿ 50 ಪೈಸೆ. ಆ ರಾತ್ರಿ ಪಟಮಟದಲ್ಲಿ ನಾವು ಅವಸರದಲ್ಲಿ ತಂದದ್ದರಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವೇ.

ಕುಗ್ಗದೆ ಬೆಳೆದ ಮೂಟೆ

ಎಲ್ಲ ಪೊಟ್ಟಣವೂ ಕುಗ್ಗುತ್ತಿದ್ದಾಗ ಒಂದು ಮಾತ್ರ ಬೆಳೆಯಿತು. ಅದು ಅಕ್ಕಿ ಮೂಟೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪೊಟ್ಟಣ ಕಟ್ಟಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇ. 5 ಜಿ.ಎಸ್.ಟಿ. ಬಿತ್ತು. ಕೆಲವೇ ದಿನಗಳಲ್ಲಿ ಆಂಧ್ರದಲ್ಲೂ ನಮ್ಮ ಕರ್ನಾಟಕದಲ್ಲೂ 26 ಕಿಲೋ ಮೂಟೆ ಹುಟ್ಟಿಕೊಂಡಿತು. ಒಂದು ಕಿಲೋ ಹೆಚ್ಚು ತುಂಬಿದರೆ ತೆರಿಗೆಯೇ ಇಲ್ಲ!

ಇದರಲ್ಲಿ ನಾವು ಗಮನಿಸಬೇಕಾದದ್ದು ಎರಡಿವೆ. ಒಂದು, ಕೇಟರಿಂಗ್‌ನವರಾದ ನಾವು ಶೇ. 5ರ ದರದಲ್ಲಿ ತೆರಿಗೆ ಕಟ್ಟುವಾಗ ಸಾಮಾನಿನ ಮೇಲೆ ಕೊಟ್ಟ ಜಿ.ಎಸ್.ಟಿ.ಯನ್ನು ವಾಪಸು ಹಿಡಿಯುವಂತಿಲ್ಲ. ಕೊಟ್ಟದ್ದು ಪೂರ್ತಿ ನಮ್ಮ ಖರ್ಚೇ. ಆದ್ದರಿಂದ 25 ಮತ್ತು 26ರ ನಡುವಿನ ವ್ಯತ್ಯಾಸ ನೇರವಾಗಿ ನಮ್ಮ ಜೇಬಿಗೆ ತಟ್ಟುತ್ತದೆ. ಎರಡು, ಪೊಟ್ಟಣದ ಮೇಲೆ ಏನೇನು ಅಚ್ಚಾಗಬೇಕೆಂಬ ನಿಯಮವೂ ಇದೇ 25 ಕಿಲೋ ಗಡಿಗೆ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಮೂಟೆಗೂ, ‘ಚಿಲ್ಲರೆ ಮಾರಾಟಕ್ಕಲ್ಲ’ ಎಂದು ಹೋಟೆಲುಗಳಿಗೆ ನೇರ ಕೊಡುವ ಪೊಟ್ಟಣಗಳಿಗೂ ಆ ನಿಯಮ ಅನ್ವಯಿಸುವುದಿಲ್ಲ. ಮನೆಯ ಹೆಂಗಸರಿಗೆ ಅರ್ಧ ಕಿಲೋ ಬೇಳೆಯ ಮೇಲೆ ಸಿಗುವ ವಿವರ, ಕ್ವಿಂಟಲ್‌ಗಟ್ಟಲೆ ಕೊಳ್ಳುವ ನಮಗೆ ಸಿಗದೆ ಹೋಗಬಹುದು. ನಮ್ಮ ತಕ್ಕಡಿಯೇ ನಮಗೆ ಕಾನೂನು.

ಎರಡು ಊರು, ಎರಡು ಬಗೆಯ ಕಷ್ಟ

ವಿಜಯವಾಡದಲ್ಲಿ ಮಾಲು ಸಿಗುವುದು ಸುಲಭ. ಗೊಲ್ಲಪೂಡಿಯ ಮಹಾತ್ಮಾ ಗಾಂಧಿ ಹೋಲ್‌ಸೇಲ್ ಕಾಂಪ್ಲೆಕ್ಸ್ ಇದೆ, ವನ್‌ಟೌನ್ ಇದೆ, ಪಕ್ಕದಲ್ಲೇ ಗುಂಟೂರಿನ ಮೆಣಸಿನಕಾಯಿ ಯಾರ್ಡ್ ಇದೆ. ಅಲ್ಲಿಯ ಕಷ್ಟ ಆರ್ಡರಿನದು. 2015ರಲ್ಲಿ ಅಮರಾವತಿಗೆ ಶಂಕುಸ್ಥಾಪನೆಯಾದಾಗ ಊರಿಗೆ ಊರೇ ಏರಿತು, ಗೃಹಪ್ರವೇಶಗಳಿಗೆ ನಮಗೆ ದಿನ ಸಾಲುತ್ತಿರಲಿಲ್ಲ. 2019ರ ನಂತರ ರಾಜಧಾನಿಯ ಕೆಲಸ ನಿಂತಾಗ ಸೈಟು, ಕಟ್ಟಡದ ವ್ಯಾಪಾರ ಬಿದ್ದು ನಮ್ಮ ಎಲೆಗಳೂ ಕಡಿಮೆಯಾದವು. ಅದರ ಬೆನ್ನಿಗೇ 2020ರ ಲಾಕ್‌ಡೌನ್ ಬಂತು. ಮದುವೆಗೆ 50 ಜನ ಮಾತ್ರ ಎಂದಾಗ ಸಾವಿರ ಎಲೆಯ ಪಾತ್ರೆಗಳು ಅಟ್ಟ ಸೇರಿದವು. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಉಕ್ಕಿ ಸಿಂಗ್‌ನಗರದ ಕಡೆ ನೀರು ನಿಂತಾಗ, ಅಡುಗೆ ಮಾಡುವವರ ಮನೆಗಳಲ್ಲೇ ಒಲೆ ಉರಿಯಲಿಲ್ಲ. ಅಮರಾವತಿಯ ಕೆಲಸ 2025ರ ಮೇ ತಿಂಗಳಲ್ಲಿ ಮತ್ತೆ ಶುರುವಾದ ಮೇಲೆ ಸ್ವಲ್ಪ ಉಸಿರು ಬಂದಿದೆ.

ವಿಶಾಖಪಟ್ಟಣದ ಕಥೆ ಬೇರೆ. ಅಲ್ಲಿ ನಮ್ಮವರ ಅನ್ನ ಹೆಚ್ಚಾಗಿ ಕ್ಯಾಂಟೀನು, ಹಾಸ್ಟೆಲ್ ಮೆಸ್ಸು, ನೌಕಾಪಡೆ ಮತ್ತು ಉಕ್ಕಿನ ಕಾರ್ಖಾನೆಯ ಕುಟುಂಬಗಳ ಸಮಾರಂಭ, ಕಾರ್ತಿಕ ಮಾಸದ ವನಭೋಜನ. 2021ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯ ಖಾಸಗೀಕರಣಕ್ಕೆ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟ ಮೇಲೆ ಆ ಕುಟುಂಬಗಳು ಕೈ ಬಿಗಿಹಿಡಿದವು. ‘ಮೂರು ಸಿಹಿ ಬೇಡ, ಒಂದು ಸಾಕು’ ಎಂಬ ಮಾತು ಆಗಿನಿಂದ ಹೆಚ್ಚಾಯಿತು. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಯ ಪ್ಯಾಕೇಜು ಘೋಷಣೆಯಾದರೂ ಆ ಮಾತು ಇನ್ನೂ ಪೂರ್ತಿ ನಿಂತಿಲ್ಲ.

ಗುತ್ತಿಗೆ ಕ್ಯಾಂಟೀನಿನವರ ಪಾಡಂತೂ ಕೇಳುವುದು ಬೇಡ. ದರ ವರ್ಷಕ್ಕೊಮ್ಮೆ ನಿಗದಿ, ಸಾಮಾನಿನ ಬೆಲೆ ದಿನಕ್ಕೊಮ್ಮೆ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಬರುವುದು ಕಷ್ಟವಾಯಿತು. ಏಪ್ರಿಲ್ 28ಕ್ಕೆ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಮೇ 1ಕ್ಕೆ 19 ಕಿಲೋ ಕಮರ್ಷಿಯಲ್ ಸಿಲಿಂಡರ್ ದೆಹಲಿಯಲ್ಲಿ 2,355 ರೂಪಾಯಿ 50 ಪೈಸೆ ಮುಟ್ಟಿತು. ವಿಶಾಖದಲ್ಲಿ ಎಣ್ಣೆ ಶುದ್ಧೀಕರಣ ಕಾರ್ಖಾನೆ ಇದೆ, ನೆಲದಡಿಯ ಗುಹೆಯಲ್ಲಿ 60,000 ಟನ್ ಗ್ಯಾಸು ಕೂಡಿಡುವ ವ್ಯವಸ್ಥೆ ಇದೆ. ಆದರೆ ಗ್ಯಾಸಿನ ಗುಹೆಯ ಮೇಲೆ ವಾಸ ಮಾಡಿದ ಮಾತ್ರಕ್ಕೆ ಗ್ಯಾಸು ಅಗ್ಗವಾಗುವುದಿಲ್ಲ.

ಹಿಂದಿನ ಹೊಡೆತಗಳೂ ನೆನಪಿವೆ. 2008ರ ಆಗಸ್ಟ್‌ನಲ್ಲಿ ಸಗಟು ಹಣದುಬ್ಬರ ಶೇ. 13ರ ಸಮೀಪಕ್ಕೆ ಹೋಗಿತ್ತು. ಆಮೇಲೆ ಜಗತ್ತೇ ಹಿಂಜರಿತಕ್ಕೆ ಬಿದ್ದಾಗ ಹಣದುಬ್ಬರದ ಅಂಕಿ ಇಳಿಯಿತು, ಆದರೆ ಬೇಳೆಯ ಬೆಲೆ ಇಳಿಯಲಿಲ್ಲ. 2015ರಲ್ಲಿ ತೊಗರಿಬೇಳೆ 200 ರೂಪಾಯಿ ಮುಟ್ಟಿ ಸಾಂಬಾರು ತೆಳ್ಳಗಾಯಿತು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಮುಗಿಲು ಮುಟ್ಟಿ, ಆಂಧ್ರ ಸರ್ಕಾರ ರೈತು ಬಜಾರುಗಳಲ್ಲಿ 50 ರೂಪಾಯಿಗೆ ಮಾರಿಸಿತು. ವಿಶಾಖದ ರೈತು ಬಜಾರಿನ ಸಾಲಿನಲ್ಲಿ ನಮ್ಮ ಹುಡುಗರೂ ಚೀಲ ಹಿಡಿದು ನಿಂತಿದ್ದರು. 2024ರ ಸೆಪ್ಟೆಂಬರ್ 14ರಿಂದ ಕಚ್ಚಾ ಖಾದ್ಯ ಎಣ್ಣೆಯ ಮೂಲ ಆಮದು ಸುಂಕ ಸೊನ್ನೆಯಿಂದ ಶೇ. 20ಕ್ಕೆ ಏರಿತು. ಹಬ್ಬ, ಕಾರ್ತಿಕ ಎದುರಿಗಿತ್ತು. 2025ರ ಮೇ ಕೊನೆಗೆ ಅದು ಶೇ. 10ಕ್ಕೆ ಇಳಿಯಿತು.

ಇಳಿದಾಗಲೂ ಲಾಭ ನಮ್ಮವರೆಗೆ ಬರುವುದು ನಿಧಾನ. 2025ರ ಫೆಬ್ರವರಿಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದು, ಆಂಧ್ರದ ರೈತರಿಗಾಗಿ ಕೇಂದ್ರ ಕ್ವಿಂಟಲ್‌ಗೆ 11,781 ರೂಪಾಯಿಯ ಮಧ್ಯಪ್ರವೇಶ ದರ ಗೊತ್ತುಮಾಡಬೇಕಾಯಿತು. ಆದರೆ ಅಂಗಡಿಯ ಖಾರದಪುಡಿ ಪೊಟ್ಟಣ ಅದೇ ವೇಗದಲ್ಲಿ ಅಗ್ಗವಾದದ್ದನ್ನು ನಾವಂತೂ ಕಾಣಲಿಲ್ಲ.

ನಮ್ಮ ಸೌಟಿನ ವಿಷಯ

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. ಇಲ್ಲದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

2022ರ ಬೇಸಿಗೆಯಲ್ಲಿ ಎಣ್ಣೆ, ಗ್ಯಾಸು ಎರಡೂ ಏರಿದಾಗ ವಿಶಾಖದಲ್ಲಿ ಒಂದು ಉಪನಯನಕ್ಕೆ ಮೂರು ತಿಂಗಳು ಮೊದಲೇ ರೇಟು ಒಪ್ಪಿದ್ದೆವು. ಎಲೆಗೆ ಹೆಚ್ಚು ಕೇಳಲು ಬಾಯಿ ಬರಲಿಲ್ಲ. ಭಟ್ಟರನ್ನು ಕರೆದು, ವಡೆಯ ಹಿಟ್ಟು 55 ಗ್ರಾಂ ಬದಲು 45 ಗ್ರಾಂ ಇರಲಿ, ಪಲ್ಯದ ಸೌಟು ಸಣ್ಣದಿರಲಿ, ಮೈಸೂರುಪಾಕಿನ ಕಟ್ಟು ಸ್ವಲ್ಪ ತೆಳ್ಳಗಿರಲಿ ಎಂದೆವು. ಯಾರಿಗೂ ತಿಳಿಯದು ಎಂದುಕೊಂಡೆವು. ಕಂಪನಿಯವರು ಮಾಡುವುದು ಇದಲ್ಲದೆ ಮತ್ತೇನು?

ಪಂಕ್ತಿ ಎದ್ದ ಮೇಲೆ, ಧಾರವಾಡದ ಕಡೆಯ ಹಿರಿಯ ತಾಯಿಯೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. “ಭಟ್ಟರ, ವಡಿ ಸಣ್ಣ ಆಗ್ಯಾವೋ, ನಮ್ಮ ಕಣ್ಣು ದೊಡ್ಡು ಆಗ್ಯಾವೋ?” ಎಂದು ನಗುತ್ತಲೇ ಕೇಳಿದರು. ಎಣ್ಣೆಯ ರೇಟು, ಗ್ಯಾಸಿನ ರೇಟು ಎಲ್ಲ ಹೇಳಿದೆವು. ಅವರು ಪೂರ್ತಿ ಕೇಳಿಸಿಕೊಂಡು, “ತುಟ್ಟಿ ಆಗೇದ ಅಂತ ಮೊದಲ ಹೇಳಿದ್ರ ಒಂದು ಸಿಹಿ ಕಡಿಮಿ ಮಾಡಸ್ತಿದ್ವಿ. ಹೇಳದ ಕಡಿಮಿ ಮಾಡಬಾರದ್ರಿ” ಎಂದರು.

ಹಣ ಪೂರ್ತಿ ಕೊಟ್ಟರು, ಒಂದು ಪೈಸೆ ಹಿಡಿಯಲಿಲ್ಲ. ಆದರೆ ಆ ಮನೆಯ ಮುಂದಿನ ಮದುವೆ ನಮಗೆ ಬರಲಿಲ್ಲ. ಕುಂದಾಪುರ, ಬೈಂದೂರು, ಉಡುಪಿ ಕಡೆಯಿಂದ ಭಾಷೆ ಬಾರದ ಊರಿಗೆ ಬಂದು ನಮ್ಮ ಹಿರಿಯರು ಒಲೆ ಹೂಡಿದಾಗ ಅವರ ಬಳಿ ಇದ್ದ ಬಂಡವಾಳ ಒಂದೇ: ‘ಅವರ ಎಲೆಯಲ್ಲಿ ಮೋಸವಿಲ್ಲ’ ಎಂಬ ಮಾತು. ಹತ್ತು ಗ್ರಾಂ ಹಿಟ್ಟಿಗೆ ಅದನ್ನು ಮಾರಿಕೊಳ್ಳಲು ಹೊರಟಿದ್ದೆವು.

ಬಡಿಸುವವರ ಮನೆ

ಬೆಲೆ ಏರಿದಾಗ ನಾವು ಮೊದಲು ಕತ್ತರಿ ಹಾಕುವುದು ಹುಡುಗರ ಕೂಲಿಗೆ, ಅಥವಾ ಹೆಚ್ಚಿಸಬೇಕಾದ ಕೂಲಿಯನ್ನು ಮುಂದೂಡುತ್ತೇವೆ. ಆದರೆ ಪೊಟ್ಟಣ ಕುಗ್ಗಿದ್ದರ ಬಿಸಿ ಹೆಚ್ಚು ತಟ್ಟುವುದು ಅವರ ಮನೆಗೇ. ನಾವು ಡಬ್ಬ, ಮೂಟೆಯಲ್ಲಿ ಕೊಂಡರೆ ಅವರು 5 ರೂಪಾಯಿ, 10 ರೂಪಾಯಿ ಪೊಟ್ಟಣದಲ್ಲಿ ಕೊಳ್ಳುತ್ತಾರೆ. ಚಹಾಪುಡಿ, ಸೋಪು, ಬಿಸ್ಕತ್ತು, ಶಾಂಪು ಎಲ್ಲವೂ ಹಾಗೆಯೇ. ಬೆಲೆ ಬದಲಾಗದೆ ತೂಕ ಇಳಿಯುವುದು ಹೆಚ್ಚಾಗಿ ಈ ಪೊಟ್ಟಣಗಳಲ್ಲೇ. ತಿಂಗಳಿಗೆ ಬರುತ್ತಿದ್ದದ್ದು ಇಪ್ಪತ್ತನಾಲ್ಕು ದಿನಕ್ಕೆ ಮುಗಿಯುತ್ತದೆ. ಉಳಿದ ದಿನಕ್ಕೆ ನಮ್ಮ ಬಳಿ ಅಡ್ವಾನ್ಸ್ ಕೇಳುತ್ತಾರೆ, ‘ದುಂದು ಮಾಡುತ್ತಾನೆ’ ಎಂದು ನಾವು ಬೈಯುತ್ತೇವೆ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತಿನ ಜಿ.ಎಸ್.ಟಿ. ಶೇ. 18ರಿಂದ 5ಕ್ಕೆ ಇಳಿದಾಗ, ಸಣ್ಣ ಪೊಟ್ಟಣದ ಬೆಲೆ ಹಾಗೇ ಇಟ್ಟು ತೂಕ ಹೆಚ್ಚಿಸುವುದಾಗಿ ಕೆಲವು ಕಂಪನಿಗಳು ಹೇಳಿದವು. ಹೆಚ್ಚಿಸಿದ್ದು ಎಷ್ಟು ದಿನ ಉಳಿಯುತ್ತದೆಂದು ಪೊಟ್ಟಣ ತಿರುಗಿಸಿ ನೋಡುತ್ತಿರಬೇಕು.

ನಾವು ರೂಢಿಸಿಕೊಂಡದ್ದು

ಆ ಮದುವೆಯ ನಂತರ ನಮ್ಮಲ್ಲಿ ಕೆಲವು ಪದ್ಧತಿ ಮಾಡಿಕೊಂಡಿದ್ದೇವೆ. ಸದಸ್ಯ ಮಿತ್ರರಿಗೆ ಉಪಯೋಗವಾದೀತೆಂದು ಕೊಡುತ್ತಿದ್ದೇವೆ.

1. ಸಾಮಾನು ಪಟ್ಟಿಯಲ್ಲಿ ಡಬ್ಬ, ಮೂಟೆ, ಪ್ಯಾಕೆಟ್ ಎಂಬ ಮಾತೇ ಇಲ್ಲ. ಎಲ್ಲವೂ ಕಿಲೋದಲ್ಲಿ. ‘ಎಣ್ಣೆ 150 ಕಿಲೋ, ಅಕ್ಕಿ 260 ಕಿಲೋ’ ಎಂದು ಬರೆದರೆ ಯಾವ ಗಾತ್ರದಲ್ಲಿ ಬಂದರೂ ಮೋಸ ಹೋಗುವುದಿಲ್ಲ.

2. ಮಾಲು ಇಳಿಸುವಾಗ ತಕ್ಕಡಿ ಬಾಗಿಲಲ್ಲೇ ಇರಬೇಕು. ಸಿಲಿಂಡರಿನ ಮೇಲೆ ಖಾಲಿ ತೂಕ ಕೊರೆದಿರುತ್ತದೆ. ಅದಕ್ಕೆ 19 ಕೂಡಿಸಿ ತೂಗಿ ನೋಡಿ.

3. ಸಣ್ಣ ಪೊಟ್ಟಣ ಕೊಳ್ಳಲೇಬೇಕಾದಾಗ ಎಂ.ಆರ್.ಪಿ. ಬಿಟ್ಟು ಯೂನಿಟ್ ದರ ನೋಡಿ. ಗ್ರಾಮಿನ ದರವನ್ನು ಸಾವಿರದಿಂದ ಗುಣಿಸಿದರೆ ಕಿಲೋ ದರ ಸಿಗುತ್ತದೆ.

4. ಪಾರ್ಟಿಗೆ ಕೊಡುವ ರೇಟಿನ ಚೀಟಿಯಲ್ಲಿ ‘ಈ ದರ ಇಂಥ ದಿನದವರೆಗೆ’ ಎಂದು ಬರೆಯಿರಿ. ಎಣ್ಣೆ, ಅಕ್ಕಿ, ಬೇಳೆ, ತುಪ್ಪ, ಗ್ಯಾಸು, ಈ ಐದರ ಅಂದಿನ ಬೆಲೆಯನ್ನೂ ಕೆಳಗೆ ಬರೆದಿಡಿ. ಏರಿದರೆ ಕೂತು ಮಾತಾಡಲು ಒಂದು ಆಧಾರ ಇರುತ್ತದೆ. ಇಳಿದರೆ ಅದನ್ನೂ ನಾವೇ ಮೊದಲು ಹೇಳೋಣ.

5. ಕಡಿಮೆ ಮಾಡಲೇಬೇಕಾದರೆ ಐಟಂ ಕಡಿಮೆ ಮಾಡಿ, ಅದೂ ಪಾರ್ಟಿಯನ್ನು ಕೇಳಿ. ಬಡಿಸುವ ಅಳತೆ ಕಡಿಮೆ ಮಾಡಬೇಡಿ.

6. ವಿಜಯವಾಡದ ನಾಲ್ಕಾರು ಮಂದಿ ಸೇರಿ ಗುಂಟೂರಿನಲ್ಲಿ ಇಡೀ ಮೆಣಸಿನಕಾಯಿ ಕೊಂಡು ಪುಡಿ ಮಾಡಿಸಿ ಹಂಚಿಕೊಂಡರೆ ಎಲ್ಲರಿಗೂ ಲಾಭ. ವಿಶಾಖದವರು ಪೂರ್ಣಾ ಮಾರ್ಕೆಟ್‌ನಲ್ಲಿ ಬೇಳೆಗೆ ಹೀಗೆಯೇ ಒಟ್ಟು ಕೊಳ್ಳಬಹುದು.

7. ಪೊಟ್ಟಣದಲ್ಲಿ ಅಚ್ಚಾದದ್ದಕ್ಕಿಂತ ತೂಕ ಕಡಿಮೆ ಬಂದರೆ ಬಿಲ್ಲು, ಪೊಟ್ಟಣ ಎರಡನ್ನೂ ಇಟ್ಟುಕೊಂಡು ತೂಕ ಮತ್ತು ಅಳತೆ ಇಲಾಖೆಗೆ ದೂರು ಕೊಡಿ. ಹುಡುಗರ ಮನೆಯ ಖರೀದಿಗೆ ಗ್ರಾಹಕ ಸಹಾಯವಾಣಿ 1915 ಇದೆ, ಆ ನಂಬರನ್ನು ಅವರಿಗೂ ಹೇಳಿಕೊಡಿ. ವ್ಯಾಪಾರಕ್ಕಾಗಿ ಕೊಂಡವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕರೆನಿಸುವುದಿಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವ ಸಣ್ಣವರಿಗೆ ಮಾತ್ರ ಅದರಲ್ಲಿ ವಿನಾಯಿತಿ ಇದೆ.

ಈ ವರ್ಷ ಹುಡುಗರ ಕೂಲಿಯನ್ನು ಸೀಸನ್ ಶುರುವಾಗುವ ಮೊದಲೇ ಹೆಚ್ಚಿಸಿ, ಅದನ್ನು ಎಲೆಯ ರೇಟಿನಲ್ಲಿ ಸೇರಿಸಿ, ಪಾರ್ಟಿಯವರಿಗೆ ಬಾಯಿಬಿಟ್ಟು ಹೇಳಿದ್ದೇವೆ. ಇಬ್ಬರು ಬೇರೆ ಕಡೆ ಹೋದರು. ಉಳಿದವರು ಒಪ್ಪಿದರು. ವಡೆ ಮತ್ತೆ 55 ಗ್ರಾಂ ಆಗಿದೆ. ಉಪನಯನದ ಮನೆಯ ತಾಯಿಯವರಿಗೂ ಫೋನು ಮಾಡಿ ಹೇಳಿದೆವು. “ಆತು ಬಿಡ್ರಿ, ಮೊಮ್ಮಗಳ ನಾಮಕರಣ ಐತಿ, ಬಂದು ರೇಟು ಹೇಳ್ರಿ” ಎಂದಿದ್ದಾರೆ. ಇನ್ನೂ ಒಪ್ಪಿಗೆಯಾಗಿಲ್ಲ. ಐದು ಸಾಮಾನಿನ ಬೆಲೆ ಬರೆದ ಚೀಟಿ ಹಿಡಿದುಕೊಂಡು ಬರುವ ಭಾನುವಾರ ಹೋಗುತ್ತಿದ್ದೇವೆ.